ನೈಸ್, ನೈಟ್, ನೈಫ್

ಇವತ್ತು ಸಂಜೆ ಹನೋಯ್‌ನ ಹೊವಾನ್ ಕಿಯೆಮ್ ಕೆರೆ ಸುತ್ತ ಸುಮ್ನೆ ನಡೆಯುತ್ತಿದ್ದೆ. ವಾರದ ಕೊನೆಯಲ್ಲಿ ಅಲ್ಲಿ ಗಾಡಿ ಬಿಡುವುದಿಲ್ಲ. ಕಾಲೇಜು ಹುಡುಗಿಯೊಬ್ಬಳು ಹತ್ತಿರ ಬಂದು, "ಸ್ವಲ್ಪ ಇಂಗ್ಲಿಷ್ ಮಾತಾಡಬಹುದಾ?" ಅಂದಳು.

ಕೈಯಲ್ಲಿ ನೋಟ್‌ಬುಕ್. ಪ್ರತಿ ಪದದ ಕೊನೆಯ ಅಕ್ಷರದ ಕೆಳಗೆ ಕೆಂಪು ಗೆರೆ. ನೈಸ್, ನೈಟ್, ನೈಫ್.

ವಿಯೆಟ್ನಾಮಿ ಪದಗಳ ಕೊನೆಯಲ್ಲಿ 'ಸ್', 'ಫ್' ಬರುವುದೇ ಇಲ್ಲ. ಹಾಗಾಗಿ ಎಷ್ಟೋ ಜನರ ಬಾಯಲ್ಲಿ ಮೂರೂ 'ನೈ' ಆಗಿಬಿಡುತ್ತವೆ. ನಾವು ಬಸ್‌ಗೆ ಬಾಲ ಸೇರಿಸಿ ಬಸ್ಸು ಅನ್ನುತ್ತೇವೆ, ಅವರು ಕೊನೆಯದನ್ನು ನುಂಗುತ್ತಾರೆ. ಕ್ರಿಯಾಪದವೂ ಅಷ್ಟೇ. ನಿನ್ನೆಗೂ ನಾಳೆಗೂ ಅವರಲ್ಲಿ ಅದರ ರೂಪ ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ 'ಗೋ' ಇದ್ದಕ್ಕಿದ್ದಂತೆ 'ವೆಂಟ್' ಆದರೆ ಕಷ್ಟ ಅಲ್ವಾ?

ಹೈಸ್ಕೂಲು ಮುಗಿಸುವ ಇಂಗ್ಲಿಷ್ ಪರೀಕ್ಷೆಯಲ್ಲಿ ಸರಿ ಉತ್ತರಕ್ಕೆ ಗುರುತು ಹಾಕಿದರೆ ಸಾಕು, ಮಾತಾಡಬೇಕಿಲ್ಲ. ಆಮೇಲೆ ಎಷ್ಟೋ ಯೂನಿವರ್ಸಿಟಿಗಳು ಬಿ1 ಮಟ್ಟದ, ಅಂದರೆ ದಿನನಿತ್ಯದ ಮಾತುಕತೆ ನಿಭಾಯಿಸುವಷ್ಟು ಇಂಗ್ಲಿಷ್ ಇಲ್ಲದಿದ್ದರೆ ಡಿಗ್ರಿ ಕೊಡುವುದಿಲ್ಲ. ವರ್ಷಗಟ್ಟಲೆ ವ್ಯಾಕರಣ ಓದಿದ ಮಕ್ಕಳಿಗೆ ಬಾಯಿ ತೆರೆಯಲು ಭಯ. ಇದು ಮಕ್ಕಳ ತಪ್ಪಲ್ಲ.

ಅವಳು 'ನೈಸ್' ಅಂದಾಗ ಕೊನೆಯ 'ಸ್' ಅನ್ನು ಬೇಕಂತಲೇ ಎಳೆಯುತ್ತಿದ್ದಳು. ರಾತ್ರಿ ಫೋನಿನಲ್ಲಿ ತನ್ನ ದನಿ ರೆಕಾರ್ಡ್ ಮಾಡಿ ಕೇಳುತ್ತಾಳಂತೆ. ಗುರುತಿಲ್ಲದವರನ್ನು ಮಾತಾಡಿಸುವ ಅವಳ ಧೈರ್ಯ ನನಗೆ ತುಂಬಾ ಇಷ್ಟವಾಯಿತು.

ಹನೋಯ್‌ಗೆ ಬರುವ ಗೆಳೆಯರೇ, ಇಂಥ ಮಕ್ಕಳು ಬಂದು ಕೇಳಿದರೆ ಹತ್ತು ನಿಮಿಷ ನಿಲ್ಲಿ. ನಿಧಾನವಾಗಿ ಮಾತಾಡಿ.