ಹತ್ತು ಜನರ ಕೆಲಸಕ್ಕೆ ಹತ್ತೊಂಬತ್ತು ಜನ ಯಾಕೆ?

"ಕೆಲಸ ಇರೋದು ಹತ್ತು ಜನರಷ್ಟು. ಹತ್ತೊಂಬತ್ತು ಜನ ಯಾಕ್ರೀ?"

ಸೋಮವಾರ ಸಹಾಯವಾಣಿಯ ಸಿಬ್ಬಂದಿ ಲೆಕ್ಕ ನೋಡುವಾಗ ಹಣಕಾಸು ಮುಖ್ಯಸ್ಥರು ಕೇಳಿದ ಈ ಮಾತು ವಾರವಿಡೀ ಕಿವಿಯಲ್ಲಿದೆ. ಕೇಳಿದ್ದು ತಪ್ಪಲ್ಲ, ದುಡ್ಡು ಕೊಡುವವರು ಕೇಳಲೇಬೇಕು. ನೋವಾಗಿದ್ದು ಉತ್ತರ ಹೇಳಬೇಕಾದವರು "ಹದಿನೇಳು ಮಾಡೋಣ ಬಿಡಿ ಸಾರ್" ಎಂದು ಚೌಕಾಸಿಗೆ ಇಳಿದಾಗ.

ಗಂಟೆಗೆ 100 ಕರೆ, ಒಂದೊಂದಕ್ಕೆ ಸರಾಸರಿ 6 ನಿಮಿಷ. ಒಟ್ಟು 600 ನಿಮಿಷ, ಅಂದರೆ ಪ್ರತಿ ಗಂಟೆಗೂ 10 ಗಂಟೆಯ ಕೆಲಸ. ಇದಕ್ಕೆ 10 ಎರ್ಲಾಂಗ್ ಎನ್ನುತ್ತಾರೆ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ ಎರ್ಲಾಂಗ್ 1917ರಲ್ಲೇ, ಇಷ್ಟು ಕೆಲಸಕ್ಕೆ ಇಷ್ಟು ಜನರಿದ್ದರೆ ಎಷ್ಟು ಕಾಯಬೇಕು ಅನ್ನುವುದರ ಸೂತ್ರ ಕೊಟ್ಟಿದ್ದರು. ಸರಿಯಾಗಿ 36 ಸೆಕೆಂಡಿಗೊಂದು ಕರೆ ಬಂದು, ಪ್ರತಿಯೊಂದೂ ಆರೇ ನಿಮಿಷಕ್ಕೆ ಮುಗಿದರೆ ಹತ್ತು ಜನ ಸಾಕು. ಹಾಗೆಲ್ಲಿ ಬರುತ್ತವೆ? ಒಮ್ಮೆ ಐದು ಒಟ್ಟಿಗೆ, ಒಮ್ಮೆ ಒಂದು ನಿಮಿಷ ಸದ್ದೇ ಇಲ್ಲ. ಖಾಲಿ ಹೋದ ಆ ನಿಮಿಷವನ್ನು ಕೂಡಿಟ್ಟು ಆಮೇಲೆ ಬಳಸಲು ಬರುವುದಿಲ್ಲ. ಹತ್ತೇ ಜನರಿದ್ದರೆ ಸಾಲು ಬೆಳೆಯುತ್ತಲೇ ಹೋಗುತ್ತದೆ.

ಸೂತ್ರಕ್ಕೆ ಹಾಕಿದರೆ ಸರಾಸರಿ ಕಾಯುವಿಕೆ ಹೀಗೆ ಬರುತ್ತದೆ: 11 ಜನಕ್ಕೆ ಸುಮಾರು 4 ನಿಮಿಷ, 12ಕ್ಕೆ 81 ಸೆಕೆಂಡ್, 13ಕ್ಕೆ 34, 14ಕ್ಕೆ 16. ಹನ್ನೊಂದನೆಯವರ ಮೇಲೆ ಇನ್ನೊಬ್ಬರು ಬಂದರೆ ಎರಡೂವರೆ ನಿಮಿಷಕ್ಕೂ ಹೆಚ್ಚು ಉಳಿಯುತ್ತದೆ, ಹದಿನಾಲ್ಕನೆಯವರಿಂದ ಬರೀ 18 ಸೆಕೆಂಡ್. ಎಷ್ಟು ಹೊತ್ತು ಕಾಯಿಸಬಹುದು ಅನ್ನುವುದನ್ನು ಸಂಸ್ಥೆಯೇ ತೀರ್ಮಾನಿಸಬೇಕು, ಅದು ಗಣಿತದ ಕೆಲಸವಲ್ಲ. ಆ ಮೀಟಿಂಗಿನಲ್ಲಿ ಅದನ್ನು ಯಾರೂ ಎತ್ತಲಿಲ್ಲ.

ಸೀಟಿನಲ್ಲಿ 13 ಜನ ಇರಬೇಕು ಎಂದಿಟ್ಟುಕೊಳ್ಳಿ. ರಜೆ, ತರಬೇತಿ, ವಿರಾಮ ಸೇರಿ ಶ್ರಿಂಕೇಜ್, ಅಂದರೆ ಪಟ್ಟಿಯಲ್ಲಿದ್ದೂ ಸೀಟಿಗೆ ಸಿಗದ ಪಾಲು, 30 ಶೇಕಡಾ. ಸೀಟಿಗೆ ಸಿಗುವುದು ಉಳಿದ 70 ಶೇಕಡಾ ಮಾತ್ರ, ಹಾಗಾಗಿ 13ನ್ನು 0.7ರಿಂದ ಭಾಗಿಸಬೇಕು: 18.57, ಅಂದರೆ 19. ಅವಸರದಲ್ಲಿ 1.3ರಿಂದ ಗುಣಿಸುವವರೇ ಹೆಚ್ಚು, ಆಗ ಬರುವುದು 17. ಚೌಕಾಸಿಯಲ್ಲಿ ಬಂದದ್ದೂ ಅದೇ ಸಂಖ್ಯೆ! ಹದಿನೇಳರಲ್ಲಿ ಸೀಟಿಗೆ ಸಿಗುವವರು 11.9. ಪಟ್ಟಿಯಲ್ಲಿ ಇಬ್ಬರನ್ನು ಕಡಿದರೆ ಕಾಯುವಿಕೆ 34 ಸೆಕೆಂಡಿನಿಂದ 81 ದಾಟುತ್ತದೆ.

ಸೂತ್ರಕ್ಕೂ ಮಿತಿಯಿದೆ. ಕರೆ ಮಾಡಿದವರು ಯಾರೂ ಮಧ್ಯೆ ಫೋನ್ ಇಡುವುದಿಲ್ಲ ಎಂದು ಅದು ಭಾವಿಸುತ್ತದೆ. ನಿಜದಲ್ಲಿ ಬೇಸತ್ತವರು ಇಟ್ಟುಬಿಡುತ್ತಾರೆ, ಹಾಗಾಗಿ ಜನ ಕಮ್ಮಿಯಿದ್ದಾಗಲೂ ವರದಿ ಅಷ್ಟೇನೂ ಕೆಟ್ಟದಾಗಿ ಕಾಣುವುದಿಲ್ಲ. ಕೈಬಿಟ್ಟ ಕರೆಗಳನ್ನು ಬೇರೆಯಾಗಿ ಎಣಿಸಲೇಬೇಕು. ದಿನದ ಸರಾಸರಿ ಹಿಡಿಯುವುದೂ ತಪ್ಪು, ಅರ್ಧರ್ಧ ಗಂಟೆಯ ಲೆಕ್ಕ ಬೇಕು.

"ಹತ್ತೊಂಬತ್ತು ಯಾಕ್ರೀ?" ಉಳಿಸಲೇಬೇಕೆಂದರೆ ದಾರಿ ಬೇರೆ ಕಡೆ ಇದೆ. ಇದೇ 100 ಕರೆಯನ್ನು ಬಿಲ್ಲಿನದು 50, ದುರಸ್ತಿಯದು 50 ಎಂದು ಎರಡು ಸಾಲು ಮಾಡಿ ನೋಡಿ. ಒಂದೊಂದು ಸಾಲಿಗೆ 7 ಜನ ಇಟ್ಟರೆ 58 ಸೆಕೆಂಡ್ ಕಾಯಬೇಕು. 34 ಸೆಕೆಂಡಿನೊಳಗೆ ಬರಬೇಕಾದರೆ 8 ಮತ್ತು 8, ಒಟ್ಟು 16 ಸೀಟು. ಎಲ್ಲರಿಗೂ ಎರಡೂ ಕೆಲಸ ಕಲಿಸಿ ಒಂದೇ ಸಾಲು ಮಾಡಿದರೆ 13 ಸಾಕು.