ನೆರಳಿಗೆ ಎಳೆದ್ರೆ ಚಾರ್ಜ್ ಆಗಲ್ಲ ಸಾರ್

ಕಳೆದ ಚಳಿಗಾಲದಲ್ಲಿ ಚಳ್ಳಕೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಮಕ್ಕಳಿಂದ ವಿಜ್ಞಾನ ಕಥೆ ಬರೆಸಲು ಹೋಗಿದ್ದೆ. ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳು. ನಾನು ಕೊಟ್ಟ ಎಳೆ ಇಷ್ಟೇ: ದಾರಿ ತಪ್ಪಿದ ಒಂದು ರೋಬೋಟ್ ಬಯಲಲ್ಲಿ ಕೆಟ್ಟು ನಿಂತಿದೆ. ಆ ದಾರಿಯಲ್ಲಿ ಗುರುತಿಲ್ಲದ ಯಾರೋ ಬರುತ್ತಾರೆ. ಮುಂದೇನಾಗುತ್ತದೆ?

ಇಂಥ ಕಥೆಗಳನ್ನು ನಾನು ಹುಡುಕಿ ಹುಡುಕಿ ಓದುವವನು. ಅವುಗಳಲ್ಲಿ ದಾರಿಹೋಕ ಮೊದಲು ಹೆದರುತ್ತಾನೆ, ಆಮೇಲೆ ಅನುಮಾನಿಸುತ್ತಾನೆ, ಕೊನೆಗೆ ಹತ್ತಿರವಾಗುತ್ತಾನೆ. ಇಲ್ಲೂ ಹಾಗೇ ಶುರುವಾದೀತು ಅಂದುಕೊಂಡಿದ್ದೆ. ಆದರೆ ಈ ಮಕ್ಕಳ ಕಥೆಯಲ್ಲಿ ಯಾರೂ ಹೆದರಲಿಲ್ಲ. ಅದಕ್ಕೆ ಕಾರಣವೂ ಇದೆ. 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯ ಮರುಬಳಕೆ ಉಡಾವಣಾ ವಾಹನವನ್ನು ಚಿನೂಕ್ ಹೆಲಿಕಾಪ್ಟರ್ 4.5 ಕಿ.ಮೀ. ಎತ್ತರದಿಂದ ಕೈಬಿಟ್ಟಾಗ, ಪೈಲಟ್ ಇಲ್ಲದೆ ತಾನೇ ದಾರಿ ನೋಡಿಕೊಂಡು ಬಂದಿಳಿದದ್ದು ಇದೇ ಚಳ್ಳಕೆರೆ ಸೀಮೆಯ ರನ್‌ವೇ ಮೇಲೆ. 2019ರ ಸೆಪ್ಟೆಂಬರಿನಲ್ಲಿ ಜೋಡಿಚಿಕ್ಕೇನಹಳ್ಳಿಯ ಹತ್ತಿರ ಪರೀಕ್ಷೆಯಲ್ಲಿದ್ದ ಮಾನವರಹಿತ ವಿಮಾನವೊಂದು ಬಿದ್ದಾಗ ಸುತ್ತಲ ಊರವರೆಲ್ಲ ನೋಡಲು ಓಡಿದ್ದರು. ಬೇರೆಡೆ ಪುಸ್ತಕದಲ್ಲಿ ಓದುವುದನ್ನು ಇಲ್ಲಿನ ಮಕ್ಕಳು ತಲೆಯೆತ್ತಿ ನೋಡಿ ಬೆಳೆದಿದ್ದಾರೆ.

ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ತನ್ನ ಕಥೆ ಓದಿದಳು. ಅವಳ ದಾರಿಹೋಕ ಕುರಿ ಕಾಯುವ ಅಜ್ಜ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ರೋಬೋಟನ್ನು ಕಂಡವನೇ ಕೇಳುವ ಮೊದಲ ಮಾತು: "ಯಾವೂರಪ್ಪಾ ನಿಂದು? ಯಾರ ಪೈಕಿ?" ರೋಬೋಟ್ ತನ್ನ ನಂಬರ್ ಹೇಳುತ್ತದೆ. "ನಂಬರ್ ಕೇಳ್ಲಿಲ್ಲಪ್ಪಾ, ಊರು ಕೇಳ್ದೆ" ಅನ್ನುತ್ತಾನೆ ಅಜ್ಜ. ಊಟ ಆಯ್ತಾ ಅಂತಲೂ ವಿಚಾರಿಸುತ್ತಾನೆ. ಆಮೇಲೆ, "ಬಿಸ್ಲಾಗೆ ಯಾಕೆ ನಿಂತಿದ್ದೀಯ" ಎಂದು ಅದನ್ನು ಜಾಲಿ ಮರದ ನೆರಳಿಗೆ ಎಳೆದುಕೊಂಡು ಹೋಗುತ್ತಾನೆ.

ಅಲ್ಲಿಗೆ ಒಬ್ಬ ಹುಡುಗ ತಡೆದ. "ನೆರಳಿಗೆ ಎಳೆದ್ರೆ ಚಾರ್ಜ್ ಆಗಲ್ಲ ಸಾರ್. ಅದು ಸೋಲಾರ್."

ತರಗತಿಯೆಲ್ಲ ಗಲಗಲ. ಅವರ ಹೊಲಗಳಲ್ಲಿ ಬೋರ್‌ವೆಲ್ಲಿಗೆ ಸೋಲಾರ್ ಪ್ಯಾನೆಲ್ ಕೂರಿಸಿದವರಿದ್ದಾರೆ. ಮೋಡ ಕವಿದರೆ ನೀರು ಸಣ್ಣಗಾಗುವುದು, ಧೂಳು ಕೂತರೆ ಮೋಟಾರ್ ಸೊರಗುವುದು ಎಲ್ಲ ಗೊತ್ತು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಕಥೆಯನ್ನು ನಿಂತಲ್ಲೇ ಬೆಳೆಸಿದಳು. ನೆರಳಿಗೆ ಬಂದಂತೆ ರೋಬೋಟಿನ ಎದೆಯ ದೀಪ ಮಂಕಾಗುತ್ತದೆ. ಎಲೆ ಸಂದಿಯಿಂದ ಬಿಸಿಲು ಬಿದ್ದಾಗ ಒಂದು ಸಲ ಮಿಣುಕುತ್ತದೆ. ಅಜ್ಜ ಅದನ್ನು ಗಮನಿಸಿ ಮತ್ತೆ ಬಿಸಿಲಿಗೆ ಎಳೆದು, ಟವೆಲ್ಲಿನಿಂದ ಧೂಳು ಒರೆಸುತ್ತಾನೆ. ತಾನು ಮಾತ್ರ ನೆರಳಲ್ಲಿ ಕೂತು ಕಾಯುತ್ತಾನೆ.

"ಅಜ್ಜನಿಗೆ ಅದೆಂಗೆ ಗೊತ್ತಾತು?" ಹುಡುಗ ಬಿಡಲಿಲ್ಲ.

"ಈಯೋ ಕುರಿ ಬಾಯಿಬಿಟ್ಟು ಹೇಳ್ತೈತಾ? ನೋಡ್ಕೊಂಡು ತಿಳ್ಕಂತಾರೆ."

ನನಗೆ ಮೈ ಜುಮ್ಮೆಂದಿತು. ನಮಗೆ ಹಿತವಾದದ್ದೇ ಕೊಲ್ಲಬಹುದಾದ ಜೀವವೊಂದು ಎದುರಿಗಿದ್ದಾಗ ಅದಕ್ಕೆ ಬೇಕಾದದ್ದನ್ನು ಹೇಗೆ ಕಂಡುಕೊಳ್ಳುವುದು? ವಿಜ್ಞಾನ ಕಥೆ ಕೇಳಬೇಕಾದ ನಿಜವಾದ ಪ್ರಶ್ನೆ ಇದು ಅಂತ ನಾನು ನಂಬಿದ್ದೇನೆ.

ಅವರಿಗೆ ಸ್ಪಿರಿಟ್ ರೋವರ್ ವಿಷಯ ಹೇಳಿದೆ. 2004ರ ಜನವರಿಯಲ್ಲಿ ಮಂಗಳದಲ್ಲಿ ಇಳಿದು ವರ್ಷಗಟ್ಟಲೆ ಓಡಾಡಿದ ಯಂತ್ರ, 2009ರಲ್ಲಿ ಸಡಿಲ ಮಣ್ಣಿನಲ್ಲಿ ಚಕ್ರ ಹೂತುಕೊಂಡಿತು. ಅಮೆರಿಕದ ಎಂಜಿನಿಯರುಗಳು ಅಂಥದೇ ಮಣ್ಣು ಹಾಸಿ, ಅಂಥದೇ ರೋವರ್ ನಿಲ್ಲಿಸಿ, ಹೊರತೆಗೆಯುವ ದಾರಿಗಳನ್ನೆಲ್ಲ ಪರೀಕ್ಷಿಸಿ ನೋಡಿದರು. ಆಗಲಿಲ್ಲ. ಚಳಿಗಾಲ ಬಂದಾಗ ಪ್ಯಾನೆಲ್ ಸೂರ್ಯನ ಕಡೆ ವಾಲುವಂತೆ ನಿಲ್ಲಲು ಅದಕ್ಕೆ ಸಾಧ್ಯವಾಗದೆ ವಿದ್ಯುತ್ ಸಾಲಲಿಲ್ಲ. 2010ರ ಮಾರ್ಚಿನ ನಂತರ ಮಾತೇ ಆಡಲಿಲ್ಲ. ತೂಕ ಎಷ್ಟು ಸಾರ್, ಅಂದರು. ಸುಮಾರು 180 ಕಿಲೋ. ಮಂಗಳದಲ್ಲಿ ಗುರುತ್ವ ಕಡಿಮೆ, ಅಲ್ಲಿ ಎತ್ತುವವರಿಗೆ 70 ಕಿಲೋದಷ್ಟೇ ಭಾರ. "ಇಬ್ರು ಸಾಕಿತ್ತಲ್ಲ ಸಾರ್!" ಎಂದು ಒಬ್ಬ ಎದ್ದೇ ಬಿಟ್ಟ. ಹೌದು, ಹಾದುಹೋಗುವ ಇಬ್ಬರು ಸಾಕಿತ್ತು.

ಹಿಚ್‌ಬಾಟ್ ಬಗ್ಗೆಯೂ ಹೇಳಿದೆ. ಬಕೆಟ್ಟಿನ ಮೈ, ರಬ್ಬರ್ ಬೂಟು ಇದ್ದ ಈ ಯಂತ್ರಕ್ಕೆ ನಡೆಯಲು ಬರುತ್ತಿರಲಿಲ್ಲ. ರಸ್ತೆ ಬದಿಯಲ್ಲಿ ಕೂತು, ಹೋಗಿಬರುವವರ ಗಾಡಿ ಹತ್ತಿಸಿಕೊಂಡೇ 2014ರಲ್ಲಿ ಕೆನಡಾವನ್ನು ಈ ತುದಿಯಿಂದ ಆ ತುದಿಗೆ ದಾಟಿತು. ಮರುವರ್ಷ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಯಾರೋ ಅದನ್ನು ಮುರಿದು ಹಾಕಿದರು. ಯಾಕೆ ಮುರಿದ್ರು ಅಂತ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇಷ್ಟರಲ್ಲಿ ಅದೇ ಹುಡುಗ ಇನ್ನೊಂದು ಪ್ರಶ್ನೆ ಎತ್ತಿದ. ಈ ಭಾಗದಲ್ಲಿ ಅಮೃತಮಹಲ್ ಕಾವಲಿನ ಒಂದಷ್ಟು ಜಾಗಕ್ಕೆ, ಇಂಥ ಪರೀಕ್ಷೆ ನಡೆಸುವ ಸಂಸ್ಥೆಗಳಿಗಾಗಿ, ಕಾಂಪೌಂಡ್ ಎದ್ದಿದೆ. ಹಿಂದೆ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಹುಲ್ಲುಗಾವಲು ಈಗ ಗೋಡೆಯಾಚೆ ಇದೆ. "ರೋಬೋಟ್ ಆ ಗೋಡೆ ಒಳಗಿಂದಾನೇ ತಾನೇ ಬಂದಿರೋದು? ಅಜ್ಜನ ಕುರಿಗೆ ಅಲ್ಲಿ ಹುಲ್ಲಿಲ್ಲ. ಅಜ್ಜ ಯಾಕೆ ಧೂಳು ಒರೆಸ್ಬೇಕು?"

ಅವನ ದನಿಯಲ್ಲಿ ನೋವಿತ್ತು. ಮನೆಯಲ್ಲಿ ಕೇಳಿದ ಮಾತಿರಬೇಕು. ಹುಡುಗಿ ಅವನತ್ತ ತಿರುಗಿ, "ಗೋಡೆ ಕಟ್ಟಿದ್ದು ರೋಬೋಟಾ?" ಅಂದಳು. ಅವನು ತಲೆಯಾಡಿಸಿದ, ಒಪ್ಪಿದ ಹಾಗಲ್ಲ, ಯೋಚಿಸುವ ಹಾಗೆ.

ನಾನು ನಡುವೆ ಬಾಯಿ ಹಾಕಲಿಲ್ಲ. ಹಾಕಿದ್ದರೆ ಕಥೆ ನನ್ನದಾಗುತ್ತಿತ್ತು. ದೂರದ ಗ್ರಹದಲ್ಲಿ ನಡೆಯುವ ಕಥೆಗಳನ್ನು ಓದಿ ಬೆಳೆದ ನನಗೆ, ಹಸಿವು, ಹಕ್ಕು, ದಯೆ ಮೂರನ್ನೂ ಒಂದೇ ಜಾಲಿ ಮರದಡಿ ಕೂರಿಸಲು ಹೊಳೆಯುತ್ತಿರಲಿಲ್ಲ. ನಮ್ಮ ಕನ್ನಡದ ವಿಜ್ಞಾನ ಕಥೆಗೆ ಬೇಕಾದ ಮಣ್ಣು ಇಲ್ಲೇ ಇದೆ.

ಕೊನೆಗೆ ಅವರಿಬ್ಬರೂ ಸೇರಿ ಕಥೆ ಮುಂದುವರಿಸಿದರು. ಚಾರ್ಜ್ ಆದ ರೋಬೋಟನ್ನು ಅಜ್ಜ ಗೇಟಿನವರೆಗೆ ಬಿಡಲು ಹೋಗುತ್ತಾನೆ. ಕಾವಲುಗಾರ ಐಡಿ ಕಾರ್ಡ್ ಕೇಳುತ್ತಾನೆ. ಅಜ್ಜನ ಹತ್ತಿರ ಇಲ್ಲ. ಆಗ ರೋಬೋಟ್, "ಇವರು ನಮ್ಮ ಪೈಕಿ" ಅನ್ನುತ್ತದೆ ಎಂದಳು ಹುಡುಗಿ. ಅಷ್ಟು ಸಾಲದು, ಗೇಟು ತೆಗೆದು ಕುರಿಗಳನ್ನೂ ಒಳಗೆ ಬಿಡಬೇಕು ಎಂದ ಹುಡುಗ. ಬೆಲ್ ಹೊಡೆದರೂ ವಾದ ಮುಗಿಯಲಿಲ್ಲ. ಎರಡೂ ಕೊನೆಗಳನ್ನು ಬರೆದುಕೊಂಡು ಬನ್ನಿ ಎಂದೆ. ಇಬ್ಬರೂ ಬರೆದರು. ಶಾಲೆಯ ಗೋಡೆ ಪತ್ರಿಕೆಯಲ್ಲಿ ಎರಡನ್ನೂ ಅಕ್ಕಪಕ್ಕ ಅಂಟಿಸಿದ್ದಾರೆ.