ಓವೆರ್ ಹಳ್ಳಿಯ ಚರ್ಚಿಗೆ ಹೋದರೆ ಮೊದಲು ಹಿಂಭಾಗ ನೋಡಿ

ಪ್ಯಾರಿಸ್‌ನಲ್ಲಿ ನಮಗೆ ಇನ್ನೊಂದು ದಿನ ಉಳಿದಿತ್ತು. ಕ್ಯೂ ನಿಂತು ನಿಂತು ನನ್ನ ಹೆಂಡತಿಗೆ ಸಾಕಾಗಿತ್ತು. "ಎಲ್ಲಾದರೂ ಹಳ್ಳಿ ಕಡೆ ಹೋಗೋಣ ಕಣ್ರೀ" ಅಂದಳು. ಹಾಗೆ ಓವೆರ್-ಸ್ಯುರ್-ವಾಜ್‌ಗೆ ಹೊರಟೆವು. ಪ್ಯಾರಿಸ್‌ನಿಂದ ವಾಯವ್ಯಕ್ಕೆ ಸುಮಾರು 30 ಕಿ.ಮೀ. ಅಲ್ಲಿನ ಚರ್ಚನ್ನು ಡಚ್ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ 1890ರ ಜೂನ್‌ನಲ್ಲಿ ಚಿತ್ರಿಸಿದ್ದಾನೆ.

ಗಾರ್ ದ್ಯು ನೋರ್ ಸ್ಟೇಷನ್ನಿನಲ್ಲಿ ಎಚ್ ಲೈನಿನ ರೈಲು ಹತ್ತಿ, ಪೋಂತ್ವಾಜ್‌ನಲ್ಲಿ ಇಳಿದು ಇನ್ನೊಂದು ರೈಲು ಹಿಡಿಯಬೇಕು. 2025ರಲ್ಲಿ ಒಂದು ಕಡೆಯ ಟಿಕೆಟ್ 2.50 ಯೂರೋ ಇತ್ತು. ಪೋಂತ್ವಾಜ್‌ನಲ್ಲಿ ನಾನು ಕಾಫಿ ಆಸೆಗೆ ಹೊರಗೆ ಹೋದೆ, ರೈಲು ಕಣ್ಣೆದುರೇ ಹೋಯ್ತು. ಮುಂದಿನದಕ್ಕೆ ಸುಮ್ನೆ ಕಾಯಬೇಕಾಯ್ತು. ನೀವು ಕಾಫಿ, ಬ್ರೆಡ್ಡು ಎಲ್ಲ ಪ್ಯಾರಿಸ್‌ನಲ್ಲೇ ಮುಗಿಸಿಕೊಳ್ಳಿ. ಬೇಸಿಗೆ ಸೀಸನ್ನಿನ ವಾರಾಂತ್ಯಗಳಲ್ಲಿ ನೇರ ರೈಲೂ ಇರುತ್ತದೆ. ಹೊರಡುವ ಮುಂಚೆ ವೇಳಾಪಟ್ಟಿ ನೋಡಿ.

ಇನ್ನೊಂದು ಮಾತು. ಆ ಚಿತ್ರ ಈ ಊರಲ್ಲಿ ಇಲ್ಲ, ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂನಲ್ಲಿದೆ. ಹಿಂದಿನ ದಿನವೇ ಅದನ್ನು ನೋಡಿಬಿಡಿ. ಸೋಮವಾರ ರಜೆ, ಗುರುವಾರ ರಾತ್ರಿ 9:45ರವರೆಗೆ ತೆರೆದಿರುತ್ತದೆ. ನಾವು ಹಾಗೇ ಮಾಡಿದ್ದು, ಅದರಿಂದಲೇ ಚರ್ಚು ನಮಗೆ ಬೇರೆ ಥರ ಕಂಡಿತು.

ಸ್ಟೇಷನ್ನಿನಿಂದ ಚರ್ಚಿಗೆ ಕೆಲವೇ ನಿಮಿಷ, ಆದರೆ ಏರು ದಾರಿ. ಮಂಡಿನೋವು ಇರುವವರು ನಿಧಾನವಾಗಿ ಹತ್ತಿ. ಜನ ಮುಂಬಾಗಿಲ ಫೋಟೋ ತೆಗೆಯುತ್ತಾ ನಿಲ್ಲುತ್ತಾರೆ. ನೀವು ನೇರ ಹಿಂದಕ್ಕೆ ಹೋಗಿ. ವ್ಯಾನ್ ಗೋ ಈಸೆಲ್ (ಚಿತ್ರ ಬಿಡಿಸುವ ಸ್ಟ್ಯಾಂಡು) ಇಟ್ಟದ್ದು ಹಿಂದುಗಡೆ. ಚಿತ್ರದ ಪ್ರತಿಯನ್ನೂ ಅಲ್ಲೇ ನಿಲ್ಲಿಸಿದ್ದಾರೆ. ತಂಗಿಗೆ ಬರೆದ ಪತ್ರದಲ್ಲಿ ಅವನು ಕಟ್ಟಡ ನೇರಳೆ, ಆಕಾಶ ಅಚ್ಚ ಕೋಬಾಲ್ಟ್ ನೀಲಿ ಎಂದಿದ್ದಾನೆ. ಎದುರಿಗಿದ್ದದ್ದು ಮಾತ್ರ ಮಾಸಲು ಬಿಳಿಯ ಸುಣ್ಣಕಲ್ಲು! ಚಿತ್ರದಲ್ಲಿ ಮಾಡು ಬಳುಕುತ್ತದೆ, ಗೋಡೆ ಅಲುಗುತ್ತದೆ. ಇಲ್ಲಿ ಎಲ್ಲವೂ ನೆಟ್ಟಗೆ, ಭದ್ರವಾಗಿ ಕೂತಿದೆ. ಮೊದಲ ಐದು ನಿಮಿಷ ನನಗೆ ನಿರಾಸೆಯೇ ಆಯಿತು, ಸುಳ್ಳು ಹೇಳಲ್ಲ.

ಆಮೇಲೆ ಕಟ್ಟಡ ತಾನೇ ಮಾತಾಡತೊಡಗಿತು. ಇದು ಮುಖ್ಯವಾಗಿ 12–13ನೇ ಶತಮಾನದ ಕೆಲಸ. ಹಳೆಯ ರೋಮನೆಸ್ಕ್ ಶೈಲಿಯ ಭಾಗ ಚೂರು ಉಳಿದಿದೆ: ದಪ್ಪ ಗೋಡೆ, ಅರ್ಧ ಚಂದ್ರದಂಥ ಕಮಾನು. ಉಳಿದದ್ದು ಹೆಚ್ಚಾಗಿ ಅದರ ನಂತರ ಬಂದ, ಚೂಪು ಕಮಾನಿನ ಗೋಥಿಕ್ ಶೈಲಿ. ನಡುವೆ ಚೌಕದ ಗಂಟೆ ಗೋಪುರ, ಅದರ ಮೇಲೆ ಮನೆಯ ಮಾಡಿನಂತೆ ಎರಡು ಇಳಿಜಾರು. ಗೋಡೆಗೆ ಹೊರಗಿನಿಂದ ಒತ್ತಿಕೊಂಡ ಕಲ್ಲಿನ ಆಸರೆಗಳನ್ನು ಗಮನಿಸಿ. ಒಳಗೆ ಹೋದರೆ ಅವು ಯಾಕಿವೆ ಅಂತ ಗೊತ್ತಾಗುತ್ತದೆ. ಚೂಪು ಕಮಾನು, ಚಾವಣಿಯಲ್ಲಿ ಅಡ್ಡಡ್ಡ ಓಡುವ, ಪಕ್ಕೆಲುಬಿನಂಥ ಕಲ್ಲಿನ ಪಟ್ಟಿಗಳು. ಭಾರವೆಲ್ಲ ಕಂಬಗಳಿಗೂ ಆ ಆಸರೆಗಳಿಗೂ ಇಳಿಯುತ್ತದೆ. ಗೋಡೆಗೆ ಕೆಲಸ ಕಡಿಮೆಯಾದ್ದರಿಂದ ಕಿಟಕಿ ದೊಡ್ಡದು ಮಾಡಬಹುದು. ಚಿತ್ರದಲ್ಲಿ ಕಿಟಕಿಗಳು ಕಡುನೀಲಿ ತೇಪೆಗಳಷ್ಟೇ. ಒಳಗೆ ಬೆಳಕು ಬರುವುದೇ ಅವುಗಳಿಂದ.

ಪ್ರವೇಶ ಶುಲ್ಕ ಇಲ್ಲ. ಬಲಿಪೂಜೆ (ಚರ್ಚಿನ ಪ್ರಾರ್ಥನೆ), ಮದುವೆ ನಡೆಯುತ್ತಿದ್ದರೆ ಹೊರಗೇ ಕಾಯಿರಿ, ಊರವರ ಚರ್ಚು ಅಲ್ವಾ. ಫ್ರಾನ್ಸಿನಲ್ಲಿ 1905ರ ಕಾಯ್ದೆಯ ನಂತರ ಇಂಥ ಹಳೆಯ ಹಳ್ಳಿ ಚರ್ಚುಗಳ ಕಟ್ಟಡ ಸಾಮಾನ್ಯವಾಗಿ ಸ್ಥಳೀಯ ಪುರಸಭೆಯ ಆಸ್ತಿ. ಮಾಡು ಸೋರಿದರೆ ಖರ್ಚು ಊರಿನದೇ. ಕಾಣಿಕೆ ಡಬ್ಬಿ ಕಂಡರೆ ಒಂದೆರಡು ಯೂರೋ ಹಾಕಿ.

ಮೇಲೆ ಹತ್ತಿದರೆ ಗೋಧಿ ಹೊಲದ ಪಕ್ಕ ಸ್ಮಶಾನ. ವ್ಯಾನ್ ಗೋ ಆ ಚಿತ್ರ ಬಿಡಿಸಿದ 1890ರಲ್ಲೇ ಜುಲೈ 29ರಂದು ತೀರಿಕೊಂಡ. ಆತ್ಮಹತ್ಯೆ ಎಂಬ ಕಾರಣಕ್ಕೆ ಚರ್ಚು ತನ್ನ ಶವದ ಗಾಡಿ ಕೊಡಲಿಲ್ಲ, ಪಕ್ಕದ ಮೆರಿ ಎಂಬ ಊರಿಂದ ಗಾಡಿ ತಂದರು. ಈಗ ಅವನೂ ತಮ್ಮ ತೆಯೋನೂ ಅಕ್ಕಪಕ್ಕ ಇದ್ದಾರೆ. ಸಮಾಧಿಗಳ ತುಂಬ ಒಂದೇ ಹಸಿರು ಬಳ್ಳಿ. ಅಲ್ಲಿಂದ ಇಳಿಯುವಾಗ ಗೋಪುರ ಮತ್ತೆ ಕಂಡಿತು. ಹೆಂಡತಿ ಫೋನ್ ತೆಗೆಯಲೇ ಇಲ್ಲ, ಸುಮ್ನೆ ನೋಡುತ್ತಾ ನಿಂತಳು. ಸಂಜೆ ರೈಲು ಕಡಿಮೆ, ವಾಪಸಿನ ಸಮಯ ಮೊದಲೇ ಬರೆದಿಟ್ಟುಕೊಳ್ಳಿ.